ಪೆಟ್ರೋಲ್ ಮುಚ್ಚಳದ ಗಂಧ

ಆ ಕಾರು ನಿಂತದ್ದು ನಿನ್ನ ಕೈಗುಣದಿಂದಲ್ಲ, ರಾಜಪ್ಪ. ನಾನು ಹಚ್ಚಿದ ಗಂಧದಿಂದ. ಹಚ್ಚುವಾಗ ನನಗೆ ಗೊತ್ತಿರಲಿಲ್ಲ — ಅದು ನಿಜ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ, ನೀನು ನನ್ನ ಮುಂದೆ ನಿಂತು ಕೇಳಿದಾಗಲೂ, ನಾನು ಬಾಯಿ ಬಿಡಲಿಲ್ಲ. ನೀನು ಹಾಳಾಗಲಿ ಎಂದೇ ಬಿಡಲಿಲ್ಲ.

ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟಕ್ಕಷ್ಟೇ. ಅತ್ತಿಗೆ ಮೈದುನ ಎಂದು ಮದುವೆ ಮನೆಗಳಲ್ಲಿ ಎದುರಾದಾಗ ಊಟವಾಯಿತೇ ಎಂದು ಕೇಳಿಕೊಳ್ಳುತ್ತೇವಲ್ಲ, ಅಷ್ಟೇ ನಮ್ಮ ನಂಟು. ಆದರೂ ಹೇಳಬೇಕು.

ಕೊಡಗಿಗೆ ತನ್ನದೇ ಸರ್ಕಾರವಿದ್ದ ಕಾಲ. ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ನಿನ್ನ ಅಣ್ಣ ಲೆಕ್ಕಪತ್ರ ನೋಡುವ ರೈಟರ್. ಅದಕ್ಕೆ ಮುಂಚೆ ಮಾವನವರು ಅದೇ ಕೆಲಸದಲ್ಲಿದ್ದವರು. ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಎಸ್ಟೇಟಿನ ಹಳೆಯ ಇಂಗ್ಲಿಷ್ ದೊರೆ ಸೀಮೆಗೆ ಹೊರಡುವಾಗ ಮಾವನವರಿಗೆ ಬಿಟ್ಟುಹೋಗಿದ್ದ ಎರಡೇ ಸೀಟಿನ ಹಸಿರು ಕಾರು — ರೇಸಿಗೆಂದೇ ತರಿಸಿದ್ದಂತೆ — ಕಾಫಿ ಕಣದ ಪಕ್ಕದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಓದು ಬಿಟ್ಟು, ವಿರಾಜಪೇಟೆಯ ಲಾರಿ ಶೆಡ್ಡುಗಳಲ್ಲಿ ಅಲೆದು ಕಲಿತದ್ದನ್ನೇ ನಂಬಿಕೊಂಡು ನೀನು ಅದರ ಹೊಟ್ಟೆ ಬಗೆಯಲು ಕೂತೆ.

ತವರಿನಿಂದ ತಂದಿದ್ದ ನನ್ನ ಹಿತ್ತಾಳೆ ಬೋಗುಣಿಯನ್ನು ಕೇಳದೆ ಎತ್ತಿಕೊಂಡು ಹೋಗಿ ಅದರಲ್ಲಿ ಇಂಜಿನ್ನಿನ ಕರಿ ಎಣ್ಣೆ ಇಳಿಸಿದೆ. ಕೇಳಿದರೆ, "ಪಾತ್ರೆ ತಾನೇ ಅತ್ಗೆ, ಬೂದಿ ಹಾಕಿ ಉಜ್ಜಿ, ಹೋಗುತ್ತೆ" ಅಂದೆ. ಉಜ್ಜಿದೆ. ಹೋಗಲಿಲ್ಲ. ನೀನು ನನ್ನ ಸೀರೆಯೊಂದನ್ನು ಹರಿದು ಕೈ ಒರೆಸಿಕೊಂಡೆ; ಅದು ಹಳೆಯದಲ್ಲ ಎಂದು ನಾನು ಅಂದದ್ದಕ್ಕೆ ನಕ್ಕುಬಿಟ್ಟೆ. ಮನೆಯಲ್ಲಿ ಎಲ್ಲರಿಗೂ ನೀನು ಮುದ್ದು, ನಾನು ಹೊರಗಿನವಳು — ಯಾರ ಹತ್ತಿರ ಹೇಳಿಕೊಳ್ಳಲಿ?

ಆದರೆ ಕೆಲಸ ಗೊತ್ತಿತ್ತು ನಿನಗೆ. ಅದನ್ನು ಅಲ್ಲಗಳೆದರೆ ಇಷ್ಟೆಲ್ಲ ಹೇಳಿಯೂ ಸುಳ್ಳು ಹೇಳಿದಂತೆ. ವಾಲ್ವುಗಳನ್ನು ಎರಡು ಅಂಗೈ ನಡುವೆ ಕೋಲು ತಿರುಗಿಸುತ್ತ ತಾಳ್ಮೆಯಿಂದ ಅರೆದು ಕೂರಿಸಿದೆ. ತಂತಿ ಹಾಕಿದರೆ ತೂತು ಹಿಗ್ಗುತ್ತದೆಂದು ಕಾರ್ಬುರೇಟರಿನ ಸಣ್ಣ ತೂತುಗಳನ್ನು ಕಾಡುಹಂದಿಯ ಕೂದಲಿನಿಂದ ಬಿಡಿಸಿದೆ. ನವರಾತ್ರಿಯ ಹೊತ್ತಿಗೆ ಕಾರು ಗುಡುಗಿಕೊಂಡು ಅಮ್ಮತ್ತಿಗೆ ಹೋಗಿ ಬಂತು. ನಿನ್ನ ಅಣ್ಣ ಆಗ ಮಾತು ಕೊಟ್ಟರು: ತನ್ನನ್ನು ಕೂರಿಸಿಕೊಂಡು ಎಲ್ಲೂ ನಿಲ್ಲದೆ ವಿರಾಜಪೇಟೆ ಮುಟ್ಟಿಸಿದರೆ ಅಮ್ಮತ್ತಿಯ ರಸ್ತೆ ಬದಿಯಲ್ಲಿದ್ದ ನಮ್ಮ ಶೆಡ್ಡು ನಿನ್ನ ವರ್ಕ್‌ಶಾಪಿಗೆ. ನೀನು ಅವತ್ತು ಊಟ ಬಿಟ್ಟು ಎದ್ದುಹೋಗಿ ಕೊಟ್ಟಿಗೆಯಲ್ಲಿ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ಇಟ್ಟಿದ್ದನ್ನು ನಾನು ನೋಡಿದ್ದೆ.

ಆಯುಧಪೂಜೆಯ ದಿನ ಅತ್ತೆಯವರು ಕಾರಿನ ಪೂಜೆ ನನಗೆ ವಹಿಸಿದರು. ಬಾನೆಟ್ಟಿಗೆ, ಚಕ್ರಗಳಿಗೆ ಕುಂಕುಮವಿಟ್ಟೆ. ಸೀಟಿನ ಹಿಂದೆ ಪೆಟ್ರೋಲ್ ಟ್ಯಾಂಕಿನ ದೊಡ್ಡ ಮುಚ್ಚಳ ಫಳಫಳ ಹೊಳೆಯುತ್ತಿತ್ತು. ಅದರ ನಡುವಿನ ಸಣ್ಣ ಚುಕ್ಕಿಯನ್ನು ನೋಡಿ, ಬೊಟ್ಟಿಗೆ ಇದೇ ಜಾಗ ಅಂದುಕೊಂಡು ಗಟ್ಟಿ ಗಂಧವನ್ನು ಹೆಬ್ಬೆರಳಿನಿಂದ ಒತ್ತಿ ಮೆತ್ತಿದೆ. ಪೂಜೆಯ ಗಂಧ ತಾನಾಗಿ ಉದುರಬೇಕು, ಒರೆಸಬಾರದು — ನಮ್ಮ ಮನೆಯ ಕಟ್ಟಳೆ ನಿನಗೂ ಗೊತ್ತಲ್ಲ. ದೇವರಿಗೆ ಕೈ ಮುಗಿಯಲು ಸೋಮಾರಿಯಾದ ನೀನೂ ಅದನ್ನು ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ನನ್ನನ್ನು ಸಿದ್ದಾಪುರದ ಸಂತೆಗೆ ಕರೆದೊಯ್ಯಲು ನಿನ್ನ ಅಣ್ಣ ಹೇಳಿದರು. ನಿನಗೆ ಇಷ್ಟವಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಏರಿನಲ್ಲಿ ಕಾರು ಮುಕ್ಕರಿಸಿ ನಿಂತಿತು. ನೀನು ಪ್ಲಗ್ಗು ಬಿಚ್ಚಿದೆ, ಪಾಯಿಂಟು ಉಜ್ಜಿದೆ, ಏನೂ ಆಗಲಿಲ್ಲ. ಕೊನೆಗೆ ಪೆಟ್ರೋಲ್ ಇದೆಯೇ ಎಂದು ಕಡ್ಡಿ ಇಳಿಸಿ ನೋಡಲು ಮುಚ್ಚಳ ತೆಗೆದೆ. ನನ್ನ ಕಿವಿಯ ಹಿಂದೆಯೇ ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು. ನೀನು ಬೈದುಕೊಳ್ಳುತ್ತಿದ್ದೆ, ನಿನಗೆ ಕೇಳಿಸಲಿಲ್ಲ. ಕಾರು ಹೊರಟಿತು. ಸ್ವಲ್ಪ ದೂರದಲ್ಲಿ ಮತ್ತೆ ನಿಂತಿತು, ಮತ್ತೆ ಮುಚ್ಚಳ, ಮತ್ತೆ ಆ ಸದ್ದು. ಇಂಜಿನ್ನಿನ ಬಿಸಿ ಆರಿದ್ದರಿಂದ ಹೊರಟಿತೆಂದು ನೀನು ಅಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದೆ:

"ನೀವು ಕೂತ ಗಳಿಗೆನೇ ಸರಿಯಿಲ್ಲ ಅತ್ಗೆ. ಮೊನ್ನೆ ಎಷ್ಟು ಚೆನ್ನಾಗಿ ಓಡ್ತಿತ್ತು."

ಅಲ್ಲಿ ಕೂಲಿ ಲೈನಿನ ಹೆಂಗಸರು ಸಂತೆಗೆ ನಡೆದು ಹೋಗುತ್ತಿದ್ದರು. ಅವರ ಮುಂದೆಯೇ ನೀನು ಹಾಗೆ ಹೇಳಿದೆ.

ಸೀಮೆಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಇಳಿಯುವುದಿಲ್ಲ, ಗಾಳಿಗೆಂದು ಇನ್ನೊಂದು ಬೇಕು — ಅಡಿಗೆ ಮನೆಯಲ್ಲಿ ದಿನವೂ ಮಾಡುವ ಕೆಲಸ. ಮನೆಗೆ ಬಂದು, ನೀನಿಲ್ಲದಾಗ ಮುಚ್ಚಳ ತಿರುಗಿಸಿ ನೋಡಿದೆ. ಆ ಚುಕ್ಕಿ ಚುಕ್ಕಿಯಲ್ಲ, ಟ್ಯಾಂಕಿನೊಳಗೆ ಗಾಳಿ ಹೋಗಲೆಂದು ಬಿಟ್ಟ ತೂತು. ನನ್ನ ಗಂಧ ಒಣಗಿ ಕಲ್ಲಾಗಿ ಕೂತಿತ್ತು. ತಲೆಯಿಂದ ಪಿನ್ನು ತೆಗೆದು ಒಮ್ಮೆ ಚುಚ್ಚಿದ್ದರೆ — ಪಿನ್ನು ಕೈಯಲ್ಲೇ ಇತ್ತು. ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಬಿಗಿದು ಬಂದುಬಿಟ್ಟೆ.

ನೀನು ಇಂಜಿನ್ನಿಗೆ ಪೆಟ್ರೋಲ್ ಕಳಿಸುವ, ಟಿಕ್ ಟಿಕ್ ಎನ್ನುವ ಪಂಪನ್ನು ಬಿಚ್ಚಿ ಜೋಡಿಸಿದೆ. ಅಂಗಳದಲ್ಲಿ ಸುತ್ತು ಹೊಡೆಸಿದರೆ ಏನೂ ತೊಂದರೆಯಿಲ್ಲ. ಆದರೂ ನಿನಗೆ ಧೈರ್ಯ ಬರಲಿಲ್ಲ. ವಿರಾಜಪೇಟೆಗೆ ಹೊರಡುವ ಬೆಳಿಗ್ಗೆ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತೆ. ಎಂದೂ ಇಲ್ಲದ ಮೆತ್ತನೆಯ ದನಿ.

"ಅತ್ಗೆ, ಅವತ್ತು ಪಕ್ಕದಲ್ಲೇ ಕೂತಿದ್ರಲ್ಲ, ನಿಲ್ಲೋ ಮುಂಚೆ ಹಿಂದೆ ಏನಾದ್ರೂ ಸದ್ದು ಕೇಳಿಸ್ತಾ? ಸ್ವಲ್ಪ ನೆನಪು ಮಾಡ್ಕೊಳ್ಳಿ."

"ನನಗೇನು ಗೊತ್ತಾಗುತ್ತೆ ಕಾರಿನ ವಿಷಯ" ಅಂದೆ.

ಅಷ್ಟೇ ನಾನು ಆಡಿದ ಮಾತು. ಆಡಿ, ರೊಟ್ಟಿ ತಟ್ಟುತ್ತ ಕೂತೆ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಅವತ್ತು ಟ್ಯಾಂಕು ತುಂಬಿಸಿಕೊಂಡೇ ಹೊರಟಿದ್ದಿರಿ, ಹಾಗಾಗಿ ದಾರಿಯಲ್ಲಿ ಮುಚ್ಚಳ ತೆಗೆದು ನೋಡುವ ಯೋಚನೆಯೇ ನಿನಗೆ ಬರಲಿಲ್ಲ. ಅಮ್ಮತ್ತಿ ದಾಟಿ ಒಮ್ಮೆ ನಿಂತಿತಂತೆ. ಪಂಪು ಬಿಚ್ಚಿ ಹಾಕಿದ ಮೇಲೆ ಹೊರಟು, ವಿರಾಜಪೇಟೆಯ ಪೇಟೆ ನಡುವೆ ಪೂರ್ತಿ ನಿಂತಿತಂತೆ. ಅಂಗಡಿಯವರೆಲ್ಲ ಬಂದು ನಿಂತು ನಕ್ಕರಂತೆ. ಎತ್ತು ಕಟ್ಟಿ ಎಳೆಸಿಕೊಂಡು ಬಂದಿರಿ. ಗೇಟಿನ ಹತ್ತಿರ ನಾನು ನಿಂತಿದ್ದೆ. ನಿನ್ನ ಅಣ್ಣ ಇಳಿದವರೇ ಆಳುಗಳ ಎದುರಿಗೆ, "ನಿನ್ನ ಕೈಗೆ ಶೆಡ್ಡು ಕೊಟ್ರೆ ಊರೋರ ಗಾಡಿನೂ ಹಿಂಗೇ ಎಳ್ಕೊಂಡು ಬರ್ಬೇಕಾಗುತ್ತೆ" ಅಂದರು. ಶೆಡ್ಡು ಮೆಣಸಿನ ವ್ಯಾಪಾರಿಯೊಬ್ಬನಿಗೆ ಬಾಡಿಗೆಗೆ ಹೋಯಿತು. ನೀನು ಸ್ಪ್ಯಾನರುಗಳನ್ನು ಅಲ್ಲೇ ಬಿಟ್ಟು ಕುಶಾಲನಗರದ ಕಡೆ ಚಿಕ್ಕಪ್ಪನ ಹೊಲಕ್ಕೆ ಹೊರಟುಹೋದೆ.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ನೀನು ಹೋದ ಮೇಲೆ, ಇನ್ನು ಸಿಕ್ಕಿಬೀಳುವ ಭಯವಿಲ್ಲವೆಂದು, ನಾನೇ ಆ ತೂತನ್ನು ಚೊಕ್ಕ ಮಾಡಿದೆ. ಎಸ್ಟೇಟಿನ ಲಾರಿ ಡ್ರೈವರನನ್ನು ಕರೆಸಿ ನಿನ್ನ ಅಣ್ಣ ಕಾರು ಹೊರಡಿಸಿದರು. ಎಲ್ಲೂ ನಿಲ್ಲದೆ ವಿರಾಜಪೇಟೆಗೆ ಹೋಗಿ ಬಂತು. ನೀನು ಅರೆದು ಕೂರಿಸಿದ ವಾಲ್ವು, ನೀನು ಜೋಡಿಸಿದ ಪಂಪು. "ಅವನ ಕೈ ಬಿಟ್ಟಿದ್ದೇ ತಡ, ಸರಿಹೋಯ್ತು ನೋಡು" ಎಂದು ಅವರು ಬಂದವರಿಗೆಲ್ಲ ಹೇಳಿದರು. ನಾನು ಕಾಫಿ ತಂದು ಕೊಡುತ್ತಿದ್ದೆ. ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದೆ. ಅವರು ಸಾಯುವವರೆಗೂ ಆ ಮಾತನ್ನು ನಂಬಿಕೊಂಡೇ ಇದ್ದರು.

ಹೋದ ತಿಂಗಳ ಮದುವೆಯಲ್ಲಿ ನಿನ್ನ ಮಗ ನಿನ್ನನ್ನು ಬೇಡಿಕೊಳ್ಳುತ್ತಿದ್ದ. ಕುಶಾಲನಗರದಲ್ಲಿ ಗ್ಯಾರೇಜು ಹಾಕಬೇಕೆಂಬ ಆಸೆ ಅವನಿಗೆ. ನೀನು ಎಲೆಯಿಂದ ತಲೆ ಎತ್ತದೆ ಅಂದೆ: "ನಮ್ಮ ಕೈಗೆ ಆ ಕೆಲಸ ಒಲಿಯಲ್ಲ ಮಗ. ನಾನು ನೋಡಿದೀನಿ."

ಎದುರಿನ ಸಾಲಿನಲ್ಲಿ ನಾನಿದ್ದೆ. ನೀನು ನನಗೆ ಅಂದದ್ದನ್ನು ನಾನು ಮರೆತಿಲ್ಲ, ಆ ಬೋಗುಣಿಯನ್ನೂ ಮರೆತಿಲ್ಲ. ಆದರೆ ಬೋಗುಣಿಯೊಂದಕ್ಕೆ ನಿನ್ನ ಬದುಕು — ಈಗ ನಿನ್ನ ಮಗನದ್ದೂ —

ಭಾನುವಾರ ಬರುತ್ತೇನೆ. ಕ್ಷಮಿಸು ಎನ್ನಲು ಅಲ್ಲ. ನೀನು ಕ್ಷಮಿಸುವವನಲ್ಲ, ನಾನಾಗಿದ್ದರೂ ಕ್ಷಮಿಸುತ್ತಿರಲಿಲ್ಲ. ನಿನ್ನ ಮಗನನ್ನು ಎದುರಿಗೆ ಕೂರಿಸು. ನೀನು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತೇನೆ: ನಿಮ್ಮಪ್ಪ ಕಾರನ್ನು ಸರಿಯಾಗಿಯೇ ಮಾಡಿದ್ದ ಕಣಪ್ಪ, ನಿಲ್ಲಿಸಿದವಳು ನಾನು.