ಸುಣ್ಣ ತೊಳೆದ ಜಲ್ಲಿ ಗುಂಪು

ಎಂಬತ್ತರ ದಶಕದಲ್ಲಿ ಪತ್ರಿಕೆಯ ವರದಿಗಾರನಾಗಿದ್ದಾಗ, ಒಂದು ಮುಂಜಾನೆ ಸರ್ಕಾರಿ ಎಂಜಿನಿಯರ್ ಜೊತೆ ಕಲಘಟಗಿ ಕಡೆಯ ರಸ್ತೆ ಕೆಲಸ ನೋಡಲು ಹೋಗಿದ್ದೆ. ಒಂದೇ ಜಲ್ಲಿ ಗುಂಪಿಗೆ ಎರಡು ಸಲ ಬಿಲ್ ಆಗಬಾರದೆಂದು, ಅಳತೆಯಾದ ಗುಂಪಿಗೆ ಸುಣ್ಣ ಹೊಡೆಯುವುದು ಆಗಿನ ಪದ್ಧತಿ. ಮಂಜಿನಲ್ಲಿ ಆ ಬಿಳಿ ಗುಂಪುಗಳು ಮಲಗಿದ ಕುರಿಗಳಂತೆ ದೂರದವರೆಗೆ ಕಾಣುತ್ತಿದ್ದವು. ಅವುಗಳ ನಡುವೆ ಕಲ್ಲು ಒಡೆಯುವ ಹೆಂಗಸೊಬ್ಬಳು ಕೊಡದ ನೀರು ಸುರಿದು ಒಂದು ಗುಂಪನ್ನು ತೊಳೆಯುತ್ತಿದ್ದಳು.

“ಏನವಾ, ಸುಣ್ಣಾ ತೊಳದು ಎರಡ ಸಲ ರೊಕ್ಕಾ ತಗೋತಿ ಏನ?” ಎಂದರು ಎಂಜಿನಿಯರ್.

“ಒಂದ ಸಲಾನೂ ಬಂದಿಲ್ರಿ ಸಾಹೇಬ್ರ. ಅಳೀಲಾರದನ ನಿಮ್ಮ ಮಂದಿ ಸುಣ್ಣಾ ಉಗ್ಗಿ ಹೋಗ್ಯಾರ. ಹದಿನೈದು ದಿನದ ದುಡಿತರಿ ಇದು.”

ಅವರು ಅಳತೆ ಪುಸ್ತಕ ಬಿಚ್ಚಿ, ಗುಂಪುಗಳನ್ನು ಒಂದೊಂದಾಗಿ ಎಣಿಸುತ್ತ ನಡೆದರು. ಪುಸ್ತಕದಲ್ಲಿ ಅವಳದು ಇರಲಿಲ್ಲ. ಟೇಪು ಹಿಡಿದು ಅಳೆದು, ‘ಅಳೆಯದೆ ಸುಣ್ಣ ಹೊಡೆದದ್ದು ನಮ್ಮ ತಪ್ಪು’ ಎಂದು ಬರೆದು ಸಹಿ ಹಾಕಿದರು. ಸರ್ಕಾರಿ ಪುಸ್ತಕದಲ್ಲಿ ಅಂಥ ಸಾಲನ್ನು ನಾನು ಮೊದಲು ನೋಡಿದ್ದು ಅಂದೇ.

“ಈಗ ಹೊಡೀರಿ ಸುಣ್ಣಾ,” ಎಂದಳು. ಸುಣ್ಣ ಹೊಡೆಯುವ ಆಳು ಬರುವ ಮೊದಲೇ ತಾನೇ ಸುಣ್ಣದ ಬಕೆಟ್ ಎತ್ತಿಕೊಂಡು, ಹಬ್ಬಕ್ಕೆ ಮನೆಗೋಡೆ ಬಳಿಯುವಂತೆ ನಿಧಾನವಾಗಿ ಬಳಿದಳು.