ಸನ್ನದ ಮೇಲಿನ ಕೆಂಪು

ನಮ್ಮ ಕುಲಶೇಖರದ ಮನೆಯಲ್ಲಿ ಪವಾಡ ನಡೆದದ್ದು ಅರುವತ್ತರ ದಶಕದ ಕೊನೆಯಲ್ಲಿ, ಹಬ್ಬ ಮುಗಿದ ಮೂರನೆಯ ದಿನ. ಅಣ್ಣನ ಪಾಲೆಂದು ಅಮ್ಮ ದೇವರ ಪಟದ ಎದುರು ಇಟ್ಟಿದ್ದ ಎರಡು ಸನ್ನಗಳ ಮೇಲೆ ರಕ್ತದ ಹನಿ ಕಾಣಿಸಿತು. ಸನ್ನವೆಂದರೆ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸಿ ಬೇಯಿಸಿದ್ದು, ಇಡ್ಲಿಯ ಕ್ರಿಸ್ತುವ ದಾಯಾದಿ. ಹಂದಿ ಮಾಂಸದ ಜತೆ ಹೊಟ್ಟೆಗೆ ಹೋಗಬೇಕಾದ ಆ ಬಡಪಾಯಿ ತಿಂಡಿಯ ಮೇಲೆ ರಕ್ತ ಸುರಿಸುವ ದರ್ದು ಯೇಸುವಿಗೆ ಏನಿತ್ತೋ ನನಗೆ ತಿಳಿಯಲಿಲ್ಲ.

ಅಣ್ಣ ಬಹರೈನಿನಲ್ಲಿದ್ದ. ನಾಲ್ಕು ತಿಂಗಳಿಂದ ಮನೆಗೆ ಕಾಗದವಿಲ್ಲ. ಒಂದು ತಿಂಗಳ ಹಿಂದೆ ಅಮ್ಮ ಸಂತರಿಗೆ ಹರಕೆ ಹೊತ್ತಿದ್ದಳು. ಕೆಂಪು ಕಂಡದ್ದೇ ತಡ, ಮೇಣದಬತ್ತಿ ಹಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ನೆರೆಕರೆಯ ಹೆಂಗಸರೆಲ್ಲ ಜಪಸರ ಹಿಡಿದು ಮೊಣಕಾಲೂರಿದರು. ನನಗೆ ಗಂಜಿ ಬಡಿಸುವವರೇ ಇಲ್ಲ.

ನಿಜ ಹೇಳಬೇಕೆಂದರೆ ಕಾಗದ ಬಂದಿತ್ತು, ನಾನು ಕೆಲಸ ಮಾಡುವ ಜಾಗದ ವಿಳಾಸಕ್ಕೆ. ಕೆಲಸ ಹೋಗಿದೆ, ಯಾರದೋ ಕೋಣೆಯಲ್ಲಿ ಮಲಗುತ್ತಿದ್ದೇನೆ, ಅಮ್ಮನಿಗೆ ಹೇಳಬೇಡ ಎಂದು ಅಣ್ಣ ಬರೆದಿದ್ದ. ನಾನು ಅದನ್ನು ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ಮಹಾತ್ಯಾಗಿಯಂತೆ ತಿರುಗುತ್ತಿದ್ದೆ.

ನನ್ನ ಕೆಲಸ ಒಂದು ಪ್ರಯೋಗಾಲಯದಲ್ಲಿ, ಗಾಜು ತೊಳೆಯುವುದು ಮತ್ತು ಕ್ರಿಮಿ ಬೆಳೆಸುವುದು. ಹೆಂಗಸರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಒಂದು ಸನ್ನವನ್ನು ಟಿಫಿನ್ ಡಬ್ಬಿಗೆ ಸೇರಿಸಿ ಹೊರಟೆ. ನಮ್ಮ ಪ್ರೊಫೆಸರು ತೊಕ್ಕೊಟ್ಟಿನ ಬ್ಯಾರಿ ಮನೆತನದವರು. ಕದ್ದ ಮಾಲನ್ನು ಬೆಳಕಿಗೆ ಹಿಡಿದು, "ರಕ್ತವೂ ಅಲ್ಲ ಎಂತದೂ ಅಲ್ಲ ಮಾರಾಯ, ಬಣ್ಣ ಬಿಡುವ ಬ್ಯಾಕ್ಟೀರಿಯಾ," ಎಂದರು. ಕುಣಿಯುವುದೊಂದು ಬಾಕಿ. ಹಾರ್ಮೋನು ಜೀವಕೋಶದ ಬಾಗಿಲಿನವರೆಗೆ ಬಂದು ನಿಲ್ಲುತ್ತದಂತೆ, ಅದು ತಂದ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಬೇರೊಂದು ಪುಟ್ಟ ಅಣುವಂತೆ. ಆ ಅಣುವನ್ನೇ ಮುರಿದು ಹಾಕುವ ಕಿಣ್ವ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಉಂಟೆಂದು ಅವರು ಆಗಷ್ಟೇ ಓದಿದ್ದರು. ನಮ್ಮ ಪವಾಡದಲ್ಲೂ ಅದು ಇರಬಹುದು ಎಂಬುದು ಅವರ ಗುಮಾನಿ.

ಸಂಜೆ ಮನೆಗೆ ಬಂದಾಗ ಅಮ್ಮ ಒಂಟಿ ಸನ್ನದ ಎದುರು ಕೂತಿದ್ದಳು. ಕದ್ದವನು ನಾನೇ ಎಂದು ಒಪ್ಪಿಕೊಂಡು, ಪಂಡಿತನಂತೆ ವಿವರಿಸತೊಡಗಿದೆ. ಮನೆಮಾತು ಕೊಂಕಣಿ. ಕಿಣ್ವಕ್ಕೆ ಅದರಲ್ಲಿ ಪದ ಸಿಗದೆ ಕತ್ತರಿ ಎಂದುಬಿಟ್ಟೆ.

"ಆ ಕತ್ತರಿ ಎಂತ ಮಾಡ್ತದೆ?"

"ಬಾಗಿಲಿಗೆ ಬಂದ ಸುದ್ದಿಯನ್ನು ಒಳಗೆ ಮುಟ್ಟಿಸದೆ ಕತ್ತರಿಸಿ ಹಾಕ್ತದೆ."

ಅಮ್ಮ ಮೇಣದಬತ್ತಿ ಆರಿಸಿದಳು. "ಹಾಗಾದ್ರೆ ಅದು ಸನ್ನದಲ್ಲಿ ಮಾತ್ರ ಅಲ್ಲ ಪುತಾ, ನಿನ್ನ ಪ್ಯಾಂಟಿನ ಕಿಸೆಯಲ್ಲಿಯೂ ಉಂಟು. ಒಗೆಯುವಾಗ ಸಿಕ್ಕಿತು. ನನಗೆ ಓದ್ಲಿಕ್ಕೆ ಬರುವುದಿಲ್ಲ, ಸ್ಟಾಂಪು ಗೊತ್ತಾಗ್ತದೆ."

ನನ್ನ ಪಾಂಡಿತ್ಯವೆಲ್ಲ ಬೆವರಾಗಿ ಇಳಿಯಿತು. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಸಿಕ್ಕಿದ್ದು ಯಾವಾಗ ಎಂದು ಕೇಳಿದೆ. ಒಂದು ತಿಂಗಳಾಯಿತು ಎಂದಳು. ಒಗೆದ ಪ್ಯಾಂಟು ಒಣಗಿದ ಮೇಲೆ ಕಾಗದವನ್ನು ಅದೇ ಕಿಸೆಗೆ ತಿರುಗಿ ಇಟ್ಟಿದ್ದಳಂತೆ. ಕಾಗದ ಬಂದದ್ದು ಗೊತ್ತಿದ್ದೂ ಈ ಹರಕೆ ಯಾಕೆ ಎಂದೆ.

"ಅವನು ಬರೆಯಲಿ ಅಂತ ನಾನು ಕೇಳಿದ್ದಲ್ಲ," ಎಂದಳು ಅಮ್ಮ. "ನೀನು ಓದಿ ಹೇಳಲಿ ಅಂತ."