ಎದುರು ಮನೆಯ ನಗು

ಹುಣಸೆಹುಳಿ ಹಚ್ಚಿ ತಾಮ್ರದ ತಂಬಿಗೆ ಉಜ್ಜುವಾಗ ಒಂದು ವಾಸನೆ ಬರುತ್ತದಲ್ಲ, ಹುಳಿಯದೂ ಅಲ್ಲ ಲೋಹದ್ದೂ ಅಲ್ಲ, ಅದು ಈಗ ನನ್ನ ಎರಡೂ ಕೈಗೆ ಅಂಟಿಕೊಂಡಿದೆ. ವಿಜಯವಾಡಕ್ಕೆ ಬಂದು ಹದಿನಾರು ದಿನವಾಯಿತು. ರಟ್ಟಿನ ಪೆಟ್ಟಿಗೆಗಳು ಅರ್ಧ ಬಿಚ್ಚಿಕೊಂಡು ಹಾಲ್‌ನಲ್ಲಿ ಬಾಯಿಬಿಟ್ಟು ಕೂತಿವೆ. ಈ ಬೆಳಿಗ್ಗೆಯವರೆಗೂ ಮನೆಗೆಲಸಕ್ಕೆ ಯಾರೂ ಸಿಕ್ಕಿರಲಿಲ್ಲ. ಈ ಊರಿನ ಸೆಕೆಯಲ್ಲಿ ಸಿಂಕಿನ ಮುಂದೆ ನಿಂತು ಉಜ್ಜುತ್ತಿದ್ದಾಗ ನರಸಮ್ಮ ನೆನಪಾದಳು. ಅವಳು ನೆನಪಾದರೆ ಹಿಂದೆಯೇ ನನ್ನ ಹೊಟ್ಟೆಕಿಚ್ಚೂ ನೆನಪಾಗುತ್ತದೆ. ಎರಡನ್ನೂ ಬೇರೆ ಮಾಡಿ ನೆನೆಯುವುದು ನನಗೆ ಇನ್ನೂ ಸಾಧ್ಯವಾಗಿಲ್ಲ.

ಇದಕ್ಕೂ ಮುಂಚೆ ನಾವಿದ್ದದ್ದು ವಿಶಾಖಪಟ್ಟಣದಲ್ಲಿ. ನನ್ನವರಿಗೆ ದುವ್ವಾಡದ ಕಡೆ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ತುಮಕೂರಿನಿಂದ ಹೋದೆವು. ಸಿಂಹಾಚಲಂ ಬೆಟ್ಟದ ಕೆಳಗಿನ ಬಡಾವಣೆ, ಮೂರನೆಯ ಮಹಡಿ, ಒಂದು ಮಹಡಿಗೆ ಎದುರುಬದುರು ಎರಡೇ ಮನೆ. ನನ್ನದು ಕೂತಲ್ಲೇ ಮಾಡುವ ಉದ್ಯೋಗ. ಡಾಕ್ಟರುಗಳು ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುವುದು. ಫ್ಯಾನಿನ ಸದ್ದು, ಕೆಮ್ಮು, ಅರ್ಧಕ್ಕೇ ನುಂಗಿದ ಮಾತು, ಏನೇ ಇದ್ದರೂ ಅದರ ನಡುವಿನಿಂದ ಬೇಕಾದ ಶಬ್ದವನ್ನು ಹೆಕ್ಕಿ ತೆಗೆಯುವ ಕಿವಿ ನನ್ನದು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಹೊಸ ಜಾಗದಲ್ಲಿ ಹಾಲಿನವನು ಸಿಗುತ್ತಾನೆ, ಗ್ಯಾಸ್ ಸಿಗುತ್ತದೆ, ನಂಬಿಕೆಯ ಕೆಲಸದವಳು ಮಾತ್ರ ಸಿಗುವುದಿಲ್ಲ. ಮನೆ ಬದಲಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬಂದವಳು ಮೂರು ದಿನ ಮಾಡಿ, ತಂಗಿಯ ಮದುವೆಯೆಂದು ಶ್ರೀಕಾಕುಳಕ್ಕೆ ಹೋದಳು. ಆ ಮದುವೆ ಇನ್ನೂ ಮುಗಿದಂತಿಲ್ಲ. ಎರಡನೆಯವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಿಂಕು ನೋಡಿದಳು, ಫ್ಯಾನಿನ ಮೇಲಿನ ಧೂಳು ನೋಡಿದಳು, ಕೊನೆಗೆ ನನ್ನನ್ನು ನೋಡಿ "ನನ್ನ ಕೈಲಿ ಆಗಲ್ಲಮ್ಮಾ" ಎಂದು ಇಳಿದುಹೋದಳು. ಎರಡು ತಿಂಗಳು ಹೀಗೆ ಕಳೆದ ಮೇಲೆ ವಾಚ್‌ಮನ್‌ನ ಹೆಂಡತಿ ಕರೆತಂದವಳು ನರಸಮ್ಮ. ಪೂರ್ತಿ ಹೆಸರು ಅಪ್ಪಲನರಸಮ್ಮ. ಬೆಟ್ಟದ ಮೇಲಿನ ದೇವರ ಹೆಸರು. ಐವತ್ತರ ಆಸುಪಾಸು, ತೆಳ್ಳಗೆ, ಕಪ್ಪಗೆ, ಮೂಗಿನ ಎರಡೂ ಕಡೆ ಬೊಟ್ಟು. ಎಂಟು ಗಂಟೆಯೆಂದರೆ ಎಂಟು ಗಂಟೆಗೇ ಬಂದಳು. ಪಾತ್ರೆ, ಕಸ, ನೆಲ, ಬಟ್ಟೆ ಒಣಹಾಕುವುದು, ಎಲ್ಲ ಮುಗಿಸಿ "ವಸ್ತಾನಮ್ಮಾ" ಎಂದು ಹೊರಟಳು. ಮಾರನೆಯ ದಿನವೂ ಬಂದಳು. ಆ ವಾರವಿಡೀ ಬಂದಳು. ಚಂಡಮಾರುತದ ಮಳೆ ಹೊಡೆದ ದಿನವೂ ಸೆರಗು ಹಿಂಡಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ: "ಒಬ್ಬಳು ಸಿಕ್ಕಿದಾಳೆ ಕಣಮ್ಮ, ಬಂಗಾರ."

ಆಮೇಲೆ ಎದುರು ಮನೆಗೆ ಶೈಲಜಾ ಬಂದರು. ಬಳ್ಳಾರಿಯವರು. ಗಂಡ ನೌಕಾಪಡೆಯಲ್ಲಿ, ತಿಂಗಳುಗಟ್ಟಲೆ ಹಡಗಿನ ಮೇಲೆ. ಮನೆಯಲ್ಲಿ ಅವರು ಮತ್ತು ವಯಸ್ಸಾದ ಅತ್ತೆ, ಇಬ್ಬರೇ. ಬಂದ ನಾಲ್ಕನೆಯ ದಿನ ನಮ್ಮ ಬಾಗಿಲಿಗೆ ಬಂದು, "ನಿಮ್ಮನ್ಯಾಗ ಕೆಲ್ಸಕ್ಕ ಬರ್ತಾಳಲ್ರಿ, ಆಕೀಗೆ ನಮ್ಮನಿಗೂ ಒಂಚೂರು ಹೇಳ್ತೀರೇನ್ರಿ?" ಎಂದರು. ಅಷ್ಟು ದೂರದ ಊರಲ್ಲಿ ಕನ್ನಡ ಕೇಳಿದ ಖುಷಿಗೆ ನಾನು ಆ ಬಂಗಾರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. "ಅಯ್ಯೋ, ಅದಕ್ಕೇನ್ರೀ, ನಾಳೆಯಿಂದಲೇ ಕಳಿಸ್ತೀನಿ." ನನ್ನ ಔದಾರ್ಯಕ್ಕೆ ನಾನೇ ಮಾರುಹೋಗಿದ್ದೆ.

ಮೊದಲ ನಗು ಕೇಳಿದ್ದು ಒಂದು ವಾರದ ಮೇಲೆ. ನಮ್ಮ ಮನೆಯಿಂದ ಒಂಬತ್ತಕ್ಕೆ ಹೊರಟು ನರಸಮ್ಮ ಎದುರು ಮನೆಗೆ ಹೋಗುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಆ ಕಡೆಯಿಂದ ಜೋರಾದ, ಗಂಟಲು ಬಿಚ್ಚಿದ ನಗು ಬಂತು. ಯಾರದೆಂದು ನನಗೆ ಗೊತ್ತಾಗಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ನರಸಮ್ಮ ಒಂದು ದಿನವೂ ನಕ್ಕಿರಲಿಲ್ಲ. "ಅಯಿಪೋಯಿಂದಮ್ಮಾ", ಮುಗಿಯಿತು; "ವಸ್ತಾನಮ್ಮಾ", ಬರುತ್ತೇನೆ. ಈ ಎರಡು ಮಾತು ಬಿಟ್ಟರೆ ಮೂರನೆಯದಿಲ್ಲ. ಕಾಫಿ ಕೊಟ್ಟರೆ ಬಾಲ್ಕನಿಯಲ್ಲಿ ನಿಂತು ಕುಡಿದು ಲೋಟ ತೊಳೆದಿಟ್ಟು ಹೋಗುವಳು. ಲೋಟವೂ ಬೇರೆಯದೇ ಇತ್ತು. ಅದನ್ನು ಬೇರೆ ಇಟ್ಟವಳು ನಾನು. ಆಗ ಅದು ನನಗೆ ದೊಡ್ಡ ವಿಷಯವೆಂದು ಅನ್ನಿಸಿರಲಿಲ್ಲ.

ನಗು ದಿನವೂ ಬರತೊಡಗಿತು. ನಾನು ಹೆಡ್‌ಫೋನ್ ತಲೆಗೆ ಹಾಕಿಕೊಂಡೇ ಇರುತ್ತಿದ್ದೆ. ಆದರೆ ಅದರೊಳಗೆ ಡಾಕ್ಟರು ಇರುತ್ತಿರಲಿಲ್ಲ. ಹತ್ತು ಗಂಟೆಗೆ ರೆಕಾರ್ಡಿಂಗ್ ನಿಲ್ಲಿಸಿ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಳ್ಳುವ ಅಭ್ಯಾಸವಾಯಿತು. ನನಗೆ ತೆಲುಗು ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆ ಎಡವುತ್ತದೆ. ಬಳ್ಳಾರಿಯವರಿಗೆ ಅದು ಹುಟ್ಟಿದಾಗಿನಿಂದ ಬಂದದ್ದು. ಶೈಲಜಾ ಏನೋ ಅನ್ನುವರು, ನರಸಮ್ಮ ಏನೋ ಅನ್ನುವಳು, ಕೂಡಲೇ ನಗು. ನಡುನಡುವೆ ಊರಿನ ಹೆಸರುಗಳು ಮಾತ್ರ ಬಿಡಿಬಿಡಿಯಾಗಿ ಕೇಳುತ್ತಿದ್ದವು. ದಿಲ್ಲಿ. ಲಂಕೆ. ಒಂದು ದಿನ ರಂಗೂನು. ಇವರೆಲ್ಲ ಸೇರಿ ಪ್ರವಾಸ ಹೊರಡುತ್ತಿದ್ದಾರೆ, ನನಗೆ ಒಂದು ಮಾತೂ ಹೇಳಿಲ್ಲ ಎಂದುಕೊಂಡೆ. ನಗಬೇಡಿ, ಹೊಟ್ಟೆಕಿಚ್ಚು ಬಂದವರಿಗೆ ರಂಗೂನಿನ ಪ್ರವಾಸವೂ ನಂಬುವಂಥದ್ದೇ ಆಗಿರುತ್ತದೆ.

ಅವಳನ್ನು ಗೆಲ್ಲಲು ನಾನು ಮಾಡದ್ದಿಲ್ಲ. ಉಪ್ಪಿಟ್ಟು ಕೊಟ್ಟೆ. ಯುಗಾದಿಗೆ ಸೀರೆ ಕೊಟ್ಟೆ. ಅವಳು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟುಕೊಂಡಳು, ಅಷ್ಟೆ. ಫೋನಿನಲ್ಲಿ ವಿಡಿಯೋ ನೋಡಿ ಒಂದು ತೆಲುಗು ಹಾಸ್ಯವನ್ನು ಬಾಯಿಪಾಠ ಮಾಡಿ, ಅವಳು ನೆಲ ಒರೆಸುವಾಗ ಹೇಳಿದೆ. ಅವಳು ಒರೆಸುವ ಬಟ್ಟೆ ಹಿಡಿದುಕೊಂಡೇ ತಲೆಯೆತ್ತಿ, "ಏಂಟಮ್ಮಾ?" ಎಂದಳು, ಏನಮ್ಮಾ ಎಂದು. ಇನ್ನೊಮ್ಮೆ ಹೇಳಿದೆ. "ಕಾಲು ಸ್ವಲ್ಪ ಎತ್ತಮ್ಮಾ" ಎಂದು ನನ್ನ ಕುರ್ಚಿಯ ಕೆಳಗೆ ಒರೆಸಿದಳು. ಅವತ್ತು ಹತ್ತು ಗಂಟೆಗೆ ಎದುರು ಮನೆಯ ನಗು ಮಾಮೂಲಿಗಿಂತ ಜೋರಾಗಿತ್ತು. ನನ್ನ ಹಾಸ್ಯವನ್ನೇ ಅಲ್ಲಿ ಆಡಿ ತೋರಿಸುತ್ತಿದ್ದಾಳೆ ಎಂದು ನನಗೆ ಖಚಿತವಾಯಿತು. ನನ್ನವರಿಗೆ ಹೇಳಿದರೆ, "ಕೆಲಸ ಚೆನ್ನಾಗಿ ಮಾಡ್ತಾಳಲ್ಲ, ಮತ್ತೇನು ಬೇಕು ನಿನಗೆ?" ಎಂದರು. ನನಗೇನು ಬೇಕು ಎಂದು ಹೇಳಲು ನನಗೇ ನಾಚಿಕೆಯಾಯಿತು.

ಇನ್ನು ಹೇಳುವುದು ಕಷ್ಟದ ಭಾಗ. ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಶೈಲಜಾ ಅಲ್ಲಿದ್ದರು, ಅತ್ತೆಯ ಬೆಡ್‌ಶೀಟುಗಳನ್ನು ಮಡಿಸುತ್ತಿದ್ದರು. ಅತ್ತೆ ಹಾಸಿಗೆಯಲ್ಲೇ ಒದ್ದೆ ಮಾಡಿಕೊಳ್ಳುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಬಾಗಿಲ ಸಂದಿಯಿಂದ ಕೇಳಿಸಿಕೊಂಡದ್ದು. ಆ ಮನೆಯವರು ಅದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಮಾನದ ವಿಷಯ. ನಾನು ಅನುಕಂಪದ ದನಿಯಲ್ಲಿ, "ಪಾಪ, ಅತ್ತೆಯ ಹಾಸಿಗೆ ವಿಷಯ ನರಸಮ್ಮ ಹೇಳ್ತಿದ್ಲು. ನಿಮಗೆಷ್ಟು ಕಷ್ಟ ಅಲ್ವಾ?" ಎಂದೆ.

ಶೈಲಜಾ ಮಡಿಸುತ್ತಿದ್ದ ಕೈ ನಿಂತಿತು. "ನರಸಮ್ಮ ಹೇಳಿದ್ಲಾ?" ಎಂದಷ್ಟೇ ಕೇಳಿದರು. "ಹ್ಞೂಂ, ಹಾಗೇ ಮಾತಿಗೆ" ಎಂದೆ. ಇದು ಬಾಯಿತಪ್ಪಿ ಬಂದ ಮಾತಲ್ಲ. ಮೆಟ್ಟಿಲು ಹತ್ತುವಾಗಲೇ ನನ್ನೊಳಗೆ ಇತ್ತು.

ಮೂರನೆಯ ದಿನ ನರಸಮ್ಮ ನಮ್ಮ ಮನೆ ಮುಗಿಸಿ ಹೊರಡದೆ ನಿಂತಳು. ಎದುರು ಮನೆಯಲ್ಲಿ ಬೇಡವೆಂದರಂತೆ, ಯಾಕೆಂದು ಹೇಳಲಿಲ್ಲವಂತೆ, ಬೇರೆ ಏನಾದರೂ ಕೆಲಸವಿದ್ದರೆ ಹೇಳಬೇಕಂತೆ. "ಇಲ್ಲೇ ಇರು, ಅಡುಗೆಗೂ ಸಹಾಯ ಮಾಡು" ಎಂದೆ. ಒಳಗೊಳಗೇ ಕುಣಿದೆ. ಈಗ ಅವಳು ಹನ್ನೊಂದರವರೆಗೂ ನನ್ನವಳು. ಹತ್ತು ಗಂಟೆಗೆ ಎದುರು ಮನೆ ತಣ್ಣಗಿತ್ತು. ಆದರೆ ನಮ್ಮ ಮನೆಯೂ ತಣ್ಣಗೇ ಇತ್ತು. ನರಸಮ್ಮ ಬೀನ್ಸ್ ಹೆಚ್ಚುತ್ತಿದ್ದಳು, ನಾನು ನೋಡುತ್ತಿದ್ದೆ. ಚಾಕುವಿನ ಸದ್ದು ಬಿಟ್ಟರೆ ಇನ್ನೊಂದಿಲ್ಲ. ನಗು ಕೆಲಸದ ಜೊತೆಗೇ ಬಂದು ಸೇರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಯಾರೋ ನಮ್ಮ ಬಾಗಿಲನ್ನು ಅಂಗೈಯಿಂದ ಬಡಿದರು. ತೆಗೆದರೆ ಶೈಲಜಾ ಅವರ ಅತ್ತೆ. ಬರಿಗಾಲು, ಸೀರೆಯ ನೆರಿಗೆ ಸಡಿಲ. ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಇಣುಕಿ, "ಲಂಕಿಯಾಕಿ ಎಲ್ಲದಾಳ?" ಎಂದರು. ಹಿಂದೆಯೇ ಶೈಲಜಾ ಓಡಿಬಂದು ಅವರ ಕೈ ಹಿಡಿದರು. ಅಷ್ಟರಲ್ಲಿ ಒಳಗಿನಿಂದ ನರಸಮ್ಮ, ಒರೆಸುವ ಬಟ್ಟೆ ಕೈಯಲ್ಲೇ ಇದ್ದಂತೆ, ಎದ್ದು ಬಂದಳು. ಶೈಲಜಾ ಮುಖ ತಿರುಗಿಸಿದರು. ಮುದುಕಿಯ ಮುಖ ಮಾತ್ರ ಅರಳಿತು. ತೆಲುಗಿನಲ್ಲಿ, ಈಗಷ್ಟೇ ಪರಿಚಯವಾದವರ ಹಾಗೆ, "ನೀದಿ ಏ ಊರಮ್ಮಾ?" ಎಂದು ಕೇಳಿದರು. ನಿನ್ನದು ಯಾವ ಊರು.

ನರಸಮ್ಮ ಶೈಲಜಾರನ್ನು ನೋಡಿದಳು. ಉತ್ತರ ಕೊಡಬಹುದೋ ಬಾರದೋ ಎಂದು ಅವಳಿಗೆ ತಿಳಿಯಲಿಲ್ಲ. ಬಟ್ಟೆಯಿಂದ ನೀರು ನಮ್ಮ ಹೊಸಿಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಮೆಲ್ಲಗೆ, "ಕಾಶಿ, ಪೆದ್ದಮ್ಮಾ", ದೊಡ್ಡಮ್ಮಾ, ಎಂದಳು.

"ಕಾಶಿ!" ಎಂದು ಮುದುಕಿ ಕೈ ತಟ್ಟಿ ನಕ್ಕರು. "ಮೊನ್ನೆ ಲಂಕಾ ಅಂದಿದ್ದಿ, ಕಳ್ಳಿ!" ಆ ನಗುವಿಗೆ ನಮ್ಮ ಮೂವರಲ್ಲಿ ಯಾರೂ ಜೊತೆಯಾಗಲಿಲ್ಲ. ಶೈಲಜಾ ಅವರನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ನರಸಮ್ಮ ಹೊಸಿಲಿನ ನೀರನ್ನು ಒರೆಸಿದಳು.

ಅವತ್ತು ಊಟ ಸೇರಲಿಲ್ಲ. ಮೂರು ಗಂಟೆಗೆ ಎದುರು ಮನೆಯ ಬೆಲ್ ಒತ್ತಿದೆ. ನಿಂತುಕೊಂಡೇ ಹೇಳಿದೆ: "ನರಸಮ್ಮ ನನಗೆ ಏನೂ ಹೇಳಿರಲಿಲ್ಲ. ನಾನೇ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡಿದ್ದು. ನಿಮಗೆ ಸುಳ್ಳು ಹೇಳಿದೆ."

ಶೈಲಜಾ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಗೆ ಬಂದರು. "ಯಾಕ್ರಿ?"

"ಅವಳು ನಿಮ್ಮನೇಲಿ ನಗ್ತಾಳೆ. ನಮ್ಮನೇಲಿ ನಗಲ್ಲ."

ಬಾಯಿಂದ ಹೊರಗೆ ಬಂದ ಮೇಲೆ ಅದು ಒಂದನೇ ಕ್ಲಾಸಿನ ಮಗು ಟೀಚರಿಗೆ ಹೇಳುವ ದೂರಿನ ಹಾಗೆ ಕೇಳಿಸಿತು. ಶೈಲಜಾ ನಗಲಿಲ್ಲ. "ನಮ್ಮತ್ತೀಗೆ ನೆನಪು ಸರಿಯಾಗಿ ನಿಲ್ಲಂಗಿಲ್ರಿ. ದಿನಾ ಹತ್ತು ಸಲ ಆಕಿ ಊರು ಕೇಳ್ತಾರ. ಆಕಿ ಒಂದೊಂದು ಸಲ ಒಂದೊಂದು ಊರು ಹೇಳ್ತಿದ್ಲು. ಅದಕ್ಕ ನಗತಿದ್ವಿ. ಇಷ್ಟ." ಒಳಗಿನ ಕಡೆ ಕೈ ತೋರಿಸಿ, "ಹದಿನೈದು ದಿನದಿಂದ ಅತ್ತಿ ಸರಿಯಾಗಿ ಉಂಡಿಲ್ಲ. ನೀವು ಇದನ್ನ ನನಗ ಹೇಳಿದ್ದು ಆತು. ಆಕೀಗೂ ನೀವ ಹೇಳ್ರಿ" ಎಂದರು.

ಮಾರನೆಯ ಬೆಳಿಗ್ಗೆ ನನ್ನ ಮುರುಕು ತೆಲುಗಿನಲ್ಲಿ ನರಸಮ್ಮನಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಲೇ ಕೇಳಿದಳು. ನಾನು ಶಬ್ದ ಸಿಗದೆ ನಿಂತಲ್ಲೆಲ್ಲ ಕಾದಳು. ಎಲ್ಲ ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, "ನಾಳೆಯಿಂದ ಬರಲ್ಲಮ್ಮಾ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ತೀರ್ಮಾನವಿತ್ತು. ನಾನು ತಡೆಯಲಿಲ್ಲ.

ಶೈಲಜಾ ಅವಳನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡರು. ಅದಾದ ಮೇಲೆ ಐದು ತಿಂಗಳು ಅದೇ ಮನೆಯಲ್ಲಿದ್ದೆವು. ದಿನವೂ ಎಂಟು ಗಂಟೆಗೆ ಅವಳ ಹೆಜ್ಜೆ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ದಾಟಿ ಎದುರಿಗೆ ಹೋಗುತ್ತಿತ್ತು. ನಾನು ನನ್ನ ಪಾತ್ರೆ ನಾನೇ ತೊಳೆದುಕೊಳ್ಳುತ್ತ ಅವರ ನಗು ಕೇಳುತ್ತಿದ್ದೆ. ಈಗ ಕಾರಣ ಗೊತ್ತಿತ್ತು. ಆದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ಹೇಳುವವರು ಎದುರು ಮನೆಯ ನಗು ಕೇಳುತ್ತ ಸಿಂಕಿನ ಮುಂದೆ ನಿಂತಿರಲಾರರು. ವಿಜಯವಾಡಕ್ಕೆ ವರ್ಗವಾಗಿ ಸಾಮಾನು ಕಟ್ಟುವ ದಿನ ಮಾತ್ರ, ಕರೆಯದೆಯೇ ನರಸಮ್ಮ ಬಂದಳು. ಗಾಜಿನ ಲೋಟಗಳಿಗೆ ಒಂದೊಂದಾಗಿ ಪೇಪರ್ ಸುತ್ತಿಕೊಟ್ಟಳು. ಹೊರಡುವಾಗ, "ನನ್ನ ನಂಬರ್ ಅದೇ ಇದೆಯಮ್ಮಾ" ಎಂದಳು.

ಈ ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿ ಬೆಲ್ ಆಯಿತು. ಮೂವತ್ತೈದರ ಹೆಂಗಸು, ದುರ್ಗಾ ಎಂದು ಹೆಸರು, ಕೆಲಸ ಕೇಳಿಕೊಂಡು ಬಂದಿದ್ದಳು. ನಾನು ಪ್ರಶ್ನೆ ಕೇಳುವ ಮೊದಲೇ ಅವಳೇ ಕೇಳಿದಳು: "ಇದಕ್ಕೆ ಮುಂಚೆ ನಿಮ್ಮನೆಗೆ ಯಾರು ಬರ್ತಿದ್ದರಮ್ಮಾ? ಅವರ ನಂಬರ್ ಕೊಡಿ, ಒಂದು ಮಾತು ಕೇಳ್ತೀನಿ." ಕೆಲಸದವರು ನಮ್ಮನ್ನು ವಿಚಾರಿಸಿಕೊಳ್ಳುವ ಕಾಲ ಬಂದಿದೆ, ಬರಬೇಕಾದದ್ದೇ. ಸುಳ್ಳು ನಂಬರ್ ಕೊಡಬಹುದಿತ್ತು. ನರಸಮ್ಮನದನ್ನೇ ಕೊಟ್ಟೆ. ದುರ್ಗಾ ಬಾಲ್ಕನಿಗೆ ಹೋಗಿ ಫೋನ್ ಮಾಡಿದಳು. ನಾನು ಒಳಗಿನ ರೂಮಿಗೆ ಹೋಗಿ ಫ್ಯಾನ್ ಜೋರು ಮಾಡಿಕೊಂಡು ಕೂತೆ, ಕೇಳಿಸಬಾರದೆಂದು.

ಅವಳು ಬಂದು ಬಾಗಿಲಲ್ಲಿ ನಿಂತಳು. "ಮಾತು ಕಡಿಮೆ, ಮನಸ್ಸು ಕೆಟ್ಟದ್ದಲ್ಲ ಅಂದರು. ಒಂದು ತಪ್ಪು ಮಾಡಿದರು, ತಾವೇ ಬಂದು ಹೇಳಿದರು ಅಂದರು. ಏನು ತಪ್ಪು ಅಂತ ಕೇಳಿದರೆ, ಆಯಮ್ಮನ್ನೇ ಕೇಳು ಅಂದರು. ಏನಮ್ಮಾ ಅದು?"

ಕುರ್ಚಿ ತೋರಿಸಿ ಕೂರಲು ಹೇಳಿದೆ. ಹೇಳಿದೆ, ಮೊದಲಿನಿಂದ. ತೆಲುಗು ಎಡವಿದಲ್ಲಿ ಅವಳು ಶಬ್ದ ಕೊಟ್ಟಳು. ಮುಗಿದ ಮೇಲೆ ಎದ್ದು ನಿಂತು, "ಎಂಟಕ್ಕೆ ಆಗಲ್ಲಮ್ಮಾ, ಏಳೂವರೆಗೆ ಬರ್ತೀನಿ. ಎಂಟೂವರೆಗೆ ಕೆಳಗಿನ ಮನೆಗೆ ಹೋಗಬೇಕು. ಆ ಮೇಡಂ ಬಹಳ ಒಳ್ಳೆಯವರು" ಎಂದಳು.

ಹೊಟ್ಟೆಯೊಳಗೆ ಸಣ್ಣಗೆ ಚುರುಕ್ಕೆಂದಿತು. ಇಷ್ಟೆಲ್ಲ ಆದ ಮೇಲೂ.

"ಹೌದಾ?" ಎಂದೆ. "ಏನು ಮಾಡ್ತಾರೆ ಅವರು, ಅಷ್ಟು ಒಳ್ಳೆಯವರು ಅನ್ನೋ ಹಾಗೆ? ಕೂತ್ಕೋ, ಹೇಳು."